ಅಕ್ಕನ ಪಾಲಿನ ತಿಳಿನೀಲಿ

ಸೆಪ್ಟೆಂಬರ್ ೯, ಮಂಗಳವಾರ. ಬೆಳಿಗ್ಗೆ

ರೇಣಕ್ಕಾ, ನಿನ್ನ ಸೊಂಟ ಹೇಗಿದೆ? ತಮ್ಮಣ್ಣ ಮಾಮಾ, ಹೊಸ ಹಲ್ಲಿನ ಸೆಟ್ಟು ಬಾಯಲ್ಲಿ ನಿಂತಿತೋ, ಇನ್ನೂ ಲೋಟದಲ್ಲೇ ಇದೆಯೋ? ಸಮೃದ್ಧಿ, ಕೆಮ್ಮು ಹೋಯಿತೇನವ್ವಾ—

ಹಾಂ. ಮೂರೂ ಪೆನ್ನು ಹರಿಯುತ್ತಿವೆ.

ಖಾನಾಪುರಕ್ಕೆ, ಅಕ್ಕನ ಮನೆಗೆ, ಕಾಗದ ಬರೆಯುವ ಮುಂಚೆ ಈ ಡೈರಿಯಲ್ಲಿ ಬರೆದು ನೋಡುವುದು ರೂಢಿ. ಒಂದೇ ಹಾಳೆ, ಮೂರು ಪಾಲು. ಅಕ್ಕನ ಗಂಡ ತಮ್ಮಣ್ಣ ಮಾಮಾನದು ಕಪ್ಪು. ಹಳೆಯ ಹೀರೋ ಪೆನ್ನು, ಸಣ್ಣ ನಿಬ್ಬು, ಮಾಮಾನ ಹಾಗೇ ಗೆರೆ ದಾಟುವುದಿಲ್ಲ. ಅವರ ಮೊಮ್ಮಗಳು ಸಮೃದ್ಧಿಯದು ನೇರಳೆ, ಪ್ಲಾಸ್ಟಿಕ್ ಪೆನ್ನು. ಎರಡು ದಿನ ಮಾತಾಡಿಸದಿದ್ದರೆ ಒಣಗಿ ಕೂರುತ್ತದೆ. ಅಕ್ಕನದು ತಿಳಿನೀಲಿ. ಅದಕ್ಕೆ ದಪ್ಪ ನಿಬ್ಬೇ ಆಗಬೇಕು. ಅಕ್ಷರ ಶುರುವಾಗುವಲ್ಲಿ ತೆಳು, ಮುಗಿಯುವಲ್ಲಿ ಶಾಯಿ ನಿಂತು ತುಸು ಗಾಢ... ನೋಡುತ್ತ ಕೂತರೆ ಚಹಾ ಆರುತ್ತದೆ.

ಒಬ್ಬರ ಬಣ್ಣ ಇನ್ನೊಬ್ಬರು ಓದಬಾರದು. ಅಕ್ಕನೇ ಮಾಡಿದ ಕಾನೂನು. ಹಾಳೆ ಕೈಯಿಂದ ಕೈಗೆ ಹೋಗುತ್ತದೆ. ತಮ್ಮ ಪಾಲು ಓದಿ ಮುಂದಿನವರಿಗೆ ಕೊಡಬೇಕು, ಅಷ್ಟೇ.

ಅಕ್ಕನ ಪಾಲಿನಲ್ಲಿ ಮತ್ತೆ ಕೇಳಿದೆ — ದಸರೆಗೆ ಬಾ, ನಾಲ್ಕು ದಿನ ನನ್ನ ಹತ್ತಿರ ಇರು. ಹಿಂದಿನ ಎರಡು ಕಾಗದದಲ್ಲಿ ಕೇಳಿದ್ದಕ್ಕೆ ಉತ್ತರವೇ ಇಲ್ಲ.

ಸೆಪ್ಟೆಂಬರ್ ೨೦, ಶನಿವಾರ

ಬಂತು. ಅಕ್ಕನ ಅಕ್ಷರ ದೊಡ್ಡದಾಗಿದೆ. ಸಾಲು ಬಿಟ್ಟು ಇಳಿಜಾರಿನಲ್ಲಿ ಹೋಗಿದೆ. ಅವಸರದಲ್ಲಿ ಬರೆದಿರಬೇಕು.

ಮಾಮಾನ ಹಲ್ಲಿನ ಸೆಟ್ಟಿನ ಬಗ್ಗೆಯೇ ಅರ್ಧ ಪುಟ. “ಲೋಟದಾಗಿಂದ ಹೊರಗ ಬಂದೈತಿ, ಈಗ ಕಿಸೆದಾಗ ಐತಿ.” ನಕ್ಕೆ. ಆಮೇಲೆ ನಗು ನಿಂತಿತು. ಹಲ್ಲಿನ ಮಾತು ನಾನು ಬರೆದದ್ದು ಮಾಮಾನ ಕಪ್ಪಿನಲ್ಲಿ! ತನ್ನ ಕಾನೂನು ತಾನೇ ಮುರಿದು ಗಂಡನ ಪಾಲು ಓದಿದ್ದಾಳೆ. ತನ್ನ ಪಾಲಿಗೆ ಒಂದಕ್ಷರದ ಉತ್ತರವಿಲ್ಲ. ದಸರೆಯ ಮಾತಿಲ್ಲ, ನನ್ನ ಮಾತೂ ಇಲ್ಲ.

ಸೊಸೆ ತ್ರಿವೇಣಿ ರೊಟ್ಟಿ ಬಡಿಯುತ್ತ ಅಂದಳು, “ಅತ್ತೀ, ಹಿಂಗ ಮಾರಿ ಸಣ್ಣದು ಮಾಡ್ಕೊಂಡು ಕುಂದರೂ ಬದಲಿ ಒಂದ್ ಫೋನ್ ಹಚ್ಚರಿ.”

“ಆಕಿಗೆ ಕೇಳಸಬೇಕಲ್ಲವಾ. ಕಿವಿ ಮಷೀನು ಗುಂಯ್ ಅಂತೈತಿ ಅಂತ ಅಕ್ಕಿ ಡಬ್ಬಿಯಾಗ ಇಟ್ಟಾಳ.”

“ಹಂಗಾರ ನಿಮ್ಮ ಸುದ್ದಿ ಅಕ್ಕಿಗಷ್ಟ ಕೇಳಸ್ತೈತಿ ಬಿಡ್ರಿ.”

ಖರೇ. ಅಕ್ಕನ ಕಿವಿ ಹೋದಾಗಿನಿಂದ ನಮ್ಮಿಬ್ಬರ ಮಾತೆಂದರೆ ಈ ಶಾಯಿಯೇ. ಆ ಮಾತನ್ನೂ ಬಿಟ್ಟಳೇ?

ಸೆಪ್ಟೆಂಬರ್ ೨೩. ಮಧ್ಯಾಹ್ನ

ಖಡೇಬಜಾರಿನಲ್ಲಿ ಶಾಕಿರನ ಪೆನ್ನಿನ ಅಂಗಡಿ.

“ಬರ್ರಿ ಕಾಂತಕ್ಕ, ಕುಂದರ್ರಿ. ತಿಳಿನೀಲಿ ಮುಗೀತೇನ್ರಿ? ಊರಾಗ ಅದನ್ನ ಒಯ್ಯಾವ್ರು ನೀವೊಬ್ಬರ.”

ಬೇಕೋ ಬೇಡವೋ... ಉತ್ತರ ಕೊಡದವಳಿಗೆ ಹೊಸ ಬಾಟಲಿ ಯಾಕೆ? ಆದರೂ ಒಂದು ಪೆನ್ನು ಅದ್ದಿದೆ. ಕಾಗದಕ್ಕೆ ಕೆರೆಯಿತು. ಇನ್ನೊಂದು. ಮತ್ತೊಂದು.

“ಕನ್ಯಾ ನೋಡಿದಂಗ ನೋಡ್ತೀರಲ್ರಿ!”

“ಜೋಡಿ ಕೂಡದಿದ್ರ ಹೆಂಗಪಾ? ಅಲ್ಲಿ ಮನಿ ಕೆಡತೈತಿ, ಇಲ್ಲಿ ಅಂಗಿ ಕೆಡತೈತಿ.”

ಬಾಟಲಿ ತಂದೆ.

ಮನೆಗೆ ಬಂದು ಮುಚ್ಚಳ ತೆಗೆದರೆ ಅದೇ ವಾಸನೆ. ಚಿಕ್ಕಂದಿನಲ್ಲಿ ಅಕ್ಕ ಪುಸ್ತಕ ಹಿಡಿದು ಸಾಲಿಗೆ ಹೋಗುತ್ತಿದ್ದಳು, ನಾನು ಕುರಿಯ ಹಿಂದೆ. ಹೊರಡುವ ಮುಂಚೆ ನನ್ನ ಅಂಗೈ ಹಿಡಿದು ಒಂದು ಅಕ್ಷರ ಬರೆದು ಕಳಿಸುವಳು. ತಿಳಿನೀಲಿ. ಅದನ್ನು ನೋಡಿ ನೋಡಿ ಕಡ್ಡಿಯಿಂದ ಮಣ್ಣಲ್ಲಿ ತೀಡುವುದು. ಬೆವರಿಗೆ ಅಳಿಸಿಹೋಗುವ ಮುಂಚೆ ಕಲಿಯಬೇಕು. ಅಂಗೈ ಬಿಚ್ಚಿಕೊಂಡೇ ಕುರಿ ಕಾದೆ. ಎಡಗೈಯಲ್ಲಿ ಕೋಲು ಹಿಡಿಯುವುದು ರೂಢಿಯಾದದ್ದು ಹಾಗೆ, ಇವತ್ತಿಗೂ ಕಸಬರಿಗೆ ಎಡಗೈಯಲ್ಲೇ. ಸಾಲಿಯ ಒಳಗೆ ಕಾಲಿಟ್ಟದ್ದು ಎಷ್ಟೋ ವರ್ಷದ ಮೇಲೆ, ಬೆಳಗಾವಿಯಲ್ಲಿ ಆಯಾ ಆಗಿ. ಗಂಟೆ ಹೊಡೆಯುವುದು, ಮಾಸ್ತರರ ಪೆನ್ನಿಗೆ ಶಾಯಿ ತುಂಬುವುದು, ಚೆಲ್ಲಿದ್ದನ್ನು ಬೋರ್ಡಿಗೆ ಬರೆಯುವ ಖಡುವಿನ ತುಂಡು ಉರುಳಿಸಿ ಹೀರಿಸುವುದು. ಈಗಲೂ ನನ್ನ ಪೆನ್ನಿನ ಡಬ್ಬಿಯಲ್ಲಿ ಒಂದು ತುಂಡು ಖಡು ಇದೆ — ಹೊಟ್ಟೆ ನೀಲಿಯಾದದ್ದು.

ಅಕ್ಕನಿಗೆ ನಾನೇನು ಮಾಡಿದೆ?

ಅಕ್ಟೋಬರ್ ೬, ಸೋಮವಾರ

ನಿನ್ನೆ ಖಾನಾಪುರಕ್ಕೆ ಹೋಗಿ ಬಂದೆ. ಬನ್ನಿ ಕೊಡುವ ನೆವ. ಹಬ್ಬ ಮುಗಿದು ಎಲೆ ಬಾಡಿತ್ತು. ಪೀರನವಾಡಿ ಸ್ಟಾಪಿನಲ್ಲಿ ಬಸ್ಸು ಹತ್ತುವಾಗಲೂ ಸಿಟ್ಟಿತ್ತು.

ಅಕ್ಕ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮುಖ ಬೀದಿಯ ಕಡೆ, ಬೆರಳು ಮೊರದಲ್ಲಿ. ಎದುರಿಗೇ ಬಂದರೂ ನನ್ನ ಗುರುತು ಹತ್ತಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿ ಕೂತ ಮೇಲೆ ಹತ್ತಿತು. ಬನ್ನಿ ಕೈಗಿಟ್ಟೆ. ನಗಲಿಲ್ಲ.

“ಈಗ ನೆನಪಾತೇನ ಅಕ್ಕನ್ನ?”

ಕಿವಿಗೆ ಬಾಯಿಟ್ಟು ಕೂಗಿದೆ, “ನಾ ಕೇಳೂದ್ನ ನೀ ಕೇಳ್ತೀಯಲ್ಲ!”

ಒಳಗೆ ಹೋದಳು. ನನ್ನ ಕಾಗದಗಳನ್ನು ತಂದು ನನ್ನ ಮಡಿಲಿಗೆ ಒಗೆದಳು. “ನೋಡು. ಮಾಮಾಗ ಬರದಿ, ಹುಡುಗಿಗೆ ಬರದಿ. ನನ್ನ ಪಾಲಿಗೆ ಬರೇ ಖಾಲಿ ಜಾಗ. ಮೂರು ಪತ್ರ ಆತು! ನಂದೇನ ತಪ್ಪಾತು ಅಂತ ಯಾರ್ನ ಕೇಳ್ಲಿ? ಅದಕ್ಕ ಇವರ ಪಾಲು ಕದ್ದು ಓದಿದೆ. ಅದರಾಗರ ನನ್ನ ಹೆಸರು ಬರತೈತೇನ ಅಂತ.”

ಹಾಳೆಯ ಮೇಲೆ ನನ್ನ ತಿಳಿನೀಲಿ ಬಿಸಿಲಿಗೆ ಹೊಳೆಯುತ್ತಿತ್ತು. ಅಕ್ಕ ಅದರ ಮೇಲೆಯೇ ಬೆರಳಾಡಿಸಿದಳು. “ಇಲ್ಲಿ. ಇಲ್ಲಿ ಏನೈತಿ ಹೇಳು?”

ಅವಳ ಬೆರಳು ನೋಡಿದೆ, ಆಮೇಲೆ ಅವಳ ಕಣ್ಣು ನೋಡಿದೆ.

ಮಾಮಾ ಬಾಗಿಲಲ್ಲಿ ನಿಂತಿದ್ದರು. “ಮಂಜ ಮಂಜ ಅಂತಿದ್ಲು. ವಯಸ್ಸಾತು ಅಂದ್ಕೊಂಡ್ವಿ. ಪೊರಿ ಬಂದೈತಿ ಕಾಣಸ್ತದ, ಕಾಂತಾ.”

ಚೀಲದಲ್ಲಿ ಹೀರೋ ಪೆನ್ನಿತ್ತು. ಅಕ್ಕನ ಅಂಗೈ ಹಿಡಿದೆ. ಬಿಡಿಸಿಕೊಳ್ಳಲು ನೋಡಿದಳು, ಬಿಡಲಿಲ್ಲ. ಕಪ್ಪಿನಲ್ಲಿ, ದೊಡ್ಡದಾಗಿ ಬರೆದೆ — ಖಾಲಿ ಅಲ್ಲ. ಅಂಗೈಯನ್ನು ಮೂಗಿನ ಹತ್ತಿರ ಒಯ್ದು ಓದಿದಳು. ನನ್ನ ಮುಖ ನೋಡಿದಳು. ಮತ್ತೆ ಅಂಗೈ.

ಆಮೇಲೆ ಎದ್ದು ಅಕ್ಕಿ ಡಬ್ಬಿಗೆ ಕೈ ಹಾಕಿದಳು. ಮಷೀನು ತೆಗೆದು ಕಿವಿಗೆ ಇಟ್ಟುಕೊಂಡಳು. “ಓದು” ಅಂದಳು ಸಮೃದ್ಧಿಗೆ. ಹುಡುಗಿ ಕಾನೂನು ಮುರಿದು ಮೂರೂ ಪತ್ರದ ನೀಲಿಯನ್ನು ಓಣಿಗೆಲ್ಲ ಕೇಳುವ ಹಾಗೆ ಓದಿದಳು. ನಾನು ಮುಖ ಎತ್ತಲಿಲ್ಲ. ಅಕ್ಕನೂ ಎತ್ತಲಿಲ್ಲ.

“ಇನ್ನ ಮ್ಯಾಲ ನಿನಗೂ ಕಪ್ಪಿನಾಗ ಬರೀತೀನಿ” ಅಂದೆ.

“ಕಪ್ಪು ಇವರದು. ನನಗ ಬ್ಯಾಡ.”

“ಹಂಗಾರ ಆಪರೇಷನ್ ಮಾಡಸ್ಕೋ.”

“ಕಣ್ಣಿಗೆ ಚೂರಿ ಹಾಕಸ್ಕೊಳ್ಳೇನ? ಇದ್ದದ್ದೂ ಹೋದ್ರ?”

ಮಾಮಾ ಅಂದರು, “ಮಾಡಸ್ಕೊ ಮಾರಾಯಳ. ಇಲ್ಲಂದ್ರ ಸಾಯೂತನಕ ನನ್ನ ಹಲ್ಲಿನ ಸುದ್ದಿನ ಓದ್ಬೇಕಾಗತೈತಿ.”

ಆಗ ನಕ್ಕಳು.

ಅಕ್ಟೋಬರ್ ೩೦, ಗುರುವಾರ

ಆಯಿತು. ಬಲಗಣ್ಣು. ನನ್ನ ಮಗ ಯಲ್ಲೇಶ ರಜೆ ಹಾಕಿ ಬಂದಿದ್ದ. ಆಪರೇಷನ್ ಕೋಣೆಯ ಬಾಗಿಲವರೆಗೂ ಅಕ್ಕ ನನ್ನ ಕೈ ಬಿಡಲಿಲ್ಲ. ನರ್ಸ್ ಬಂದು ಕೈ ಬಿಡಿಸಿದರು. ಹೊರಗೆ ಬಂದಾಗ ಕಣ್ಣಿಗೆ ಪಟ್ಟಿ. “ಏನೂ ಕಾಣಸವಲ್ದು ನೋಡು, ನಾ ಹೇಳಿದ್ದಿಲ್ಲ?” — “ಪಟ್ಟಿ ಐತಿ ಅಕ್ಕಾ!”

ಅಲ್ಲಿಂದಲೇ ಅಕ್ಕ, ಮಾಮಾ ಖಾನಾಪುರಕ್ಕೆ ಹೋದರು. ಡಾಕ್ಟರ್ ಹೇಳುವವರೆಗೆ ಓದುವುದು ಬೇಡವಂತೆ.

ಪೆನ್ನುಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟೆ. ಅವಳು ಓದದಿರುವಾಗ ನಾನೇನು ಬರೆಯಲಿ.

ನವೆಂಬರ್ ೨೫, ಮಂಗಳವಾರ. ಬೆಳಿಗ್ಗೆ

ಸಮೃದ್ಧಿಯ ಫೋನು. ಹೊಸ ಚಷ್ಮಾ ಬಂದಿದೆ, ಓದಬಹುದಂತೆ. “ನೀಲಿ ಕಾಣಸ್ತದೇನ ಕೇಳಲೇನ್ರಿ ಅಜ್ಜಿ?” ಅಂದಳು. ಬೇಡ ಅಂದೆ. ಅಕ್ಕ ತಾನೇ ಹೇಳಬೇಕು.

ಕೈ ಮೊದಲು ಹೋದದ್ದು ಕಪ್ಪಿನ ಕಡೆಗೇ. ಕಪ್ಪಾದರೆ ಭಯವಿಲ್ಲ. ವಾಪಸು ಇಟ್ಟೆ. ಹೊಸ ಬಾಟಲಿಯಿಂದ ದಪ್ಪ ನಿಬ್ಬಿನ ಪೆನ್ನಿಗೆ ತುಂಬಿದೆ. ಒಂದು ಹನಿ ಹೆಚ್ಚಾಯಿತು. ಖಡು ಉರುಳಿಸಿದೆ.

ರೇಣಕ್ಕಾ, ಕಣ್ಣು ಹೇಗಿದೆ? ಈ ಹಾಳೆಯಲ್ಲಿ ಮಾಮಾನಿಗೂ ಸಮೃದ್ಧಿಗೂ ಪಾಲಿಲ್ಲ, ಸಿಟ್ಟಾಗಬೇಡಿರೆಂದು ಹೇಳು. ಕಪ್ಪಿಲ್ಲ, ನೇರಳೆಯಿಲ್ಲ, ಕದ್ದು ಓದಲು ಏನೂ ಇಟ್ಟಿಲ್ಲ. ಹಾಳೆ ಪೂರ್ತಿ ನಿನ್ನದೇ. ಯಾರಿಂದಲೂ ಓದಿಸಬೇಡ. ಕಂಡರೆ, ಕಂಡದ್ದನ್ನು ಬರೆ. ಕಾಣದಿದ್ದರೆ ಮತ್ತೆ ಖಾಲಿ ಕಳಿಸಿದ್ದೀಯ ಎಂದು ಬೈದಾದರೂ ಬರೆ. ಬೇಗ ಬರೆ ಅಕ್ಕಾ. ನಾನಿಲ್ಲಿ ಅಂಗೈ ಬಿಚ್ಚಿಕೊಂಡೇ ಕಾಯುತ್ತಿದ್ದೇನೆ.