ನಾಲ್ಕನೇ ಗೇರಿನ ಸದ್ದು

ಆಗಸ್ಟ್ 4, ಸಂಜೆ

ನಾರಿನ್ ಸಂತೆಗೆ ಹೋಗಿ ಬಂದೆ. ಎಂದಿನಂತೆ ಬಾಡಿಗೆಗೆ ನಾಲ್ಕು ಜನ ಹೆಂಗಸರು, ಹಿಂದುಗಡೆ ಒಣಗಿಸಿದ ಮೊಸರುಂಡೆಯ ಚೀಲಗಳು. ಘಾಟಿ ಇಳಿಯುವಾಗ ಮತ್ತೆ ಅದೇ ಸದ್ದು. ಊಂ… ಅಂತ ಶುರು. ನಲವತ್ತು ದಾಟಿದರೆ ಜೋರು. ಅರವತ್ತಕ್ಕೆ ಗೇರ್ ರಾಡ್ ಕೈಯಲ್ಲೇ ನಡುಗುತ್ತದೆ.

ಪಕ್ಕದಲ್ಲಿದ್ದ ಬುರ್ಮಾ ಎಜೆ, ಊರಿಗೆಲ್ಲ ಅಕ್ಕ, ಶುರು ಹಚ್ಚಿಕೊಂಡಳು, "ಏನೇ ಜಿಪಾರ್, ನಿನ್ ಕಾರು ಗೊಣಗ್ತಿದೆಯಲ್ಲೇ? ನಮ್ಮತ್ತೆ ಥೇಟ್ ಹೀಗೇ ಗೊಣಗ್ತಿದ್ಲು."

ಹಿಂದಿನ ಸೀಟಿನಿಂದ ಒಬ್ಬಳು ಚಕ್ರ ಅಂದಳು. ಇನ್ನೊಬ್ಬಳು ಎಂಜಿನ್. ಮೂರನೆಯವಳಿಗೆ ನಿದ್ದೆ.

ಫೋನನ್ನು ಗೇರ್ ರಾಡ್ ಹತ್ತಿರ ಹಿಡಿದು ಸದ್ದು ರೆಕಾರ್ಡ್ ಮಾಡಿಕೊಂಡೆ. ಇವರಿಗೆ, ನಮ್ಮನೆಯವರಿಗೆ, ಕಳಿಸಬೇಕು. ಊರಲ್ಲಿದ್ದಾಗ ಬಾನೆಟ್ ಎತ್ತದೆ, ಬೀದಿಯಲ್ಲಿ ಹೋಗುವ ಕಾರಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದವರು. ನೊವೊಸಿಬಿರ್ಸ್ಕ್‌ಗೆ ಕಟ್ಟಡದ ಕೆಲಸಕ್ಕೆ ಹೋಗಿ ಇದು ಎರಡನೇ ಬೇಸಿಗೆ. ಅಲ್ಲಿಂದಲೇ ಹೇಳಲಿ.

ಆಗಸ್ಟ್ 5

ಇವರ ಉತ್ತರ ಬಂತು. ಯಾವಾಗಲೂ ಧ್ವನಿಯಲ್ಲೇ. ಬರೆಯುವುದೆಂದರೆ ಮೊದಲಿನಿಂದ ಸೋಮಾರಿತನ. ಕೆಲಸದ ಜಾಗದಲ್ಲಿ ಗಲಾಟೆಯಿರಬೇಕು, ಕಿರುಚಿಕೊಂಡೇ ಮಾತಾಡುತ್ತಾರೆ. "ಕ್ಲಚ್ ಬೇರಿಂಗ್! ಬೇರೇನೂ ಅಲ್ಲ! ಒಸ್ಮೊನಾಲಿಗೆ ಹೇಳು, ಬದಲಾಯಿಸ್ತಾನೆ!"

ಕ್ಲಚ್ ಒತ್ತಿದಾಗ ಒಂಚೂರು ಕಡಿಮೆಯಾದಂತಿದೆ ಅಂತ ಸದ್ದಿನ ಕೆಳಗೆ ಬರೆದಿದ್ದೆ. ಸರಿಯಾಗಿ ಹಿಡಿದರು ಬಿಡು.

ಅತ್ತೆಯೂ ಮಗನಿಗೆ ಮಾತಾಡಿ ಕಳಿಸಿದ್ದರು — ಬೂದು ಕುದುರೆಯನ್ನು ಚಳಿಗಾಲದ ಮಾಂಸಕ್ಕೆ ಕೊಯ್ಯುವುದೋ ಬೇಡವೋ ಅಂತ. ಬಂದ ಉತ್ತರ: "ಹೂಂ ಅಮ್ಮಾ! ಚೆನ್ನಾಗಿದೀನಿ! ಮಾತ್ರೆ ತಪ್ಪಿಸ್ಬೇಡಿ!"

"ನಾನ್ ಕೇಳಿದ್ದು ಕುದುರೆ, ಅವ್ನು ಹೇಳೋದು ಮಾತ್ರೆ." ಅತ್ತೆ ಮುಖ ಊದಿಸಿಕೊಂಡರು. "ಹೆಂಡ್ತಿ ಕಾರಿಗಿರೋ ಮರ್ಯಾದೆ ಹೆತ್ತೋಳಿಗಿಲ್ಲ."

ಆಗಸ್ಟ್ 9

ಕ್ಲಚ್ ಬೇರಿಂಗ್ ಹೊಸದು. ಸದ್ದು ಹಳೆಯದೇ.

ಆಗಸ್ಟ್ 11

ಮತ್ತೆ ರೆಕಾರ್ಡ್ ಮಾಡಿ ಕಳಿಸಿದೆ. ಮೂರನೇ ಗೇರಿನಲ್ಲಿ ಹೆಚ್ಚು ಅಂತ ಬರೆದೆ. ಉತ್ತರ: "ಹಾಗಾದ್ರೆ ಗೇರ್ ಬಾಕ್ಸೇ! ಒಳಗಿನ ಬೇರಿಂಗ್ ಸವೆದಿದೆ! ಬಿಚ್ಚಿಸು!"

ಒಸ್ಮೊನಾಲಿ ಬೈಕೆ ನಮ್ಮೂರ ಮೆಕ್ಯಾನಿಕ್, ಇವರ ಹಳೇ ಗೆಳೆಯ, ನನಗೆ ಅಣ್ಣನ ಹಾಗೆ. ಕಾರಿನಡಿಗೆ ತೂರಿ ಏನೋ ಅಲ್ಲಾಡಿಸಿ ನೋಡಿ ಹೊರಗೆ ಬಂದ. "ನಂಗೇನೋ ಮುಂದಿನ ಕಡೆಯಿಂದ ಬಂದಂಗಿದೆ ಕಣಮ್ಮ…"

"ಹಾಗಾದ್ರೆ ಮುಂದೇನೇ ನೋಡಿ ಬೈಕೆ."

"ನಿನ್ ಗಂಡ ತುರ್ದಾಕುನ್ ಗೇರ್ ಬಾಕ್ಸ್ ಅಂದ್ಮೇಲೆ ಗೇರ್ ಬಾಕ್ಸೇ. ಅವ್ನ ಮುಂದೆ ನಂದೇನು?" ಅಂತ ಸ್ಪ್ಯಾನರ್ ಕೈಗೆತ್ತಿಕೊಂಡ.

ಆಗಸ್ಟ್ 17

ಗೇರ್ ಬಾಕ್ಸ್ ಬಿಚ್ಚಿದ್ದಾಯಿತು, ಮುಚ್ಚಿದ್ದಾಯಿತು. ಒಳಗೆ ಎಲ್ಲ ನೆಟ್ಟಗಿತ್ತು. ಸದ್ದು ಹಾಗೆಯೇ. ಆರು ದಿನ ಹೆಂಗಸರು ಬೇರೆ ಗಾಡಿ ಹಿಡಿದು ಹೋದರು. ಇನ್ನೊಂದು ವಾರ ಹೀಗಾದರೆ ಅವರು ಆ ಗಾಡಿಗೇ ಖಾಯಂ ಆಗಿಬಿಡುತ್ತಾರೆ. ಆಮೇಲೆ ನಾನು ಖಾಲಿ ಕಾರು ಓಡಿಸಬೇಕು.

ತಲೆ ಕೆಟ್ಟಿದೆ. ಕ್ಲಚ್ ಅಲ್ಲ. ಗೇರ್ ಬಾಕ್ಸ್ ಅಲ್ಲ. ಇವರು ತಪ್ಪುವವರಲ್ಲ. ನಾನೇ ಸರಿಯಾಗಿ ಹೇಳಲಿಲ್ಲವೇನೋ.

ಆಗಸ್ಟ್ 18

ಇವತ್ತು ನಾನೇ ನೋಡಿದೆ. ಇಳಿಜಾರಿನಲ್ಲಿ ಅರವತ್ತಕ್ಕೆ ತಂದು ಕ್ಲಚ್ ಒತ್ತಿ ಹಿಡಿದೆ — ಸದ್ದು ಇದೆ. ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಟ್ಟೆ — ಇದೆ. ನಿಂತಲ್ಲೇ ಎಂಜಿನ್ ರೊಯ್ಯನೆ ತಿರುಗಿಸಿದೆ — ಇಲ್ಲ. ಅಂದರೆ ಚಕ್ರ ಉರುಳಿದರೆ ಮಾತ್ರ ಸದ್ದು. ಕ್ಲಚ್ ಒತ್ತಿದಾಗ ಕಡಿಮೆಯಾಯಿತು ಅಂದಿದ್ದೆನಲ್ಲ, ಅದು ಬರೀ ವೇಗ ಇಳಿದದ್ದು. ಪೆದ್ದಿ.

ಇಷ್ಟನ್ನು ಕಿವಿಯಲ್ಲಿ ಕೇಳಿ ಹೇಳಬಲ್ಲವರು ಇವರು. ಯಾಕೆ ಹೇಳಲಿಲ್ಲ? ಹಿಂತಿರುಗಿ ನೋಡಿದರೆ, ನಾನು ಕ್ಲಚ್ ಅಂತ ಬರೆದೆ, ಇವರು ಕ್ಲಚ್ ಅಂದರು. ನಾನು ಗೇರ್ ಅಂತ ಬರೆದೆ, ಗೇರ್ ಬಾಕ್ಸ್ ಅಂದರು.

ಫೋನ್ ಮಾಡಿದೆ. ಎತ್ತಲಿಲ್ಲ. ಮೇ ತಿಂಗಳಿಂದ ಒಂದು ಕರೆಯನ್ನೂ ಎತ್ತಿಲ್ಲ. ನೆಟ್‌ವರ್ಕ್ ಇಲ್ಲವಂತೆ. ಸದ್ದು ಹೋಗುವ ನೆಟ್‌ವರ್ಕ್‌ನಲ್ಲಿ ಕರೆ ಹೋಗುವುದಿಲ್ಲವೇ?

ಆಗಸ್ಟ್ 20

ಬುರ್ಮಾ ಎಜೆಗೆ ಹೇಳಬಾರದಿತ್ತು. ಹೇಳಿಬಿಟ್ಟೆ.

"ಅಯ್ಯೋ ಹುಚ್ಚಿ, ನಿನ್ ಗಂಡ ಕೇಳ್ತಾನೇ ಇಲ್ಲ ಕಣೆ. ಅಲ್ಲಿ ಪಕ್ಕದಲ್ಲಿ ಇನ್ಯಾರದೋ ದನಿ ಇದ್ರೆ ನಿನ್ ಕಾರಿನ ಗೋಳು ಯಾವನು ಕೇಳ್ತಾನೆ?"

ನಕ್ಕೆ. ಕಾರು ನಿಲ್ಲಿಸಿ ಚಕ್ರಕ್ಕೆ ಒದ್ದೆ. ಕಾಲು ನೋವು.

ಆಗಸ್ಟ್ 21, ಬೆಳಗ್ಗೆ

ಹಾಲಿನಿಂದ ಕೆನೆ ತೆಗೆಯುವ ಯಂತ್ರದ ಹಿಡಿ ತಿರುಗಿಸುತ್ತಿದ್ದೆ. ಹಾಳು ಬುದ್ಧಿ, ಒಂದು ಉಪಾಯ ಹೊಳೆಯಿತು. ಫೋನನ್ನು ಅದರ ಬಾಯಿಗೆ ಹಿಡಿದೆ. ಟಣ್ ಟಣ್ ಅಂತ ಹಿಡಿಯ ಗಂಟೆ, ಗಿರ್ರ್ ಅಂತ ತಿರುಗುವುದು, ಹಾಲು ಸುರಿಯುವುದು, ನಡುವೆ ಅತ್ತೆ ಕರುವಿಗೆ ಬೈಯುವುದು, ಎಲ್ಲ ಬಂತು. ಚಿಕ್ಕಂದಿನಲ್ಲಿ ದಿನಾ ಆ ಹಿಡಿ ತಿರುಗಿಸಿದವರು ಇವರೇ. ಅದರ ಕೆಳಗೆ ಬರೆದೆ: "ನಾಲ್ಕನೇ ಗೇರು. ಬರೀ ಸಪಾಟು ರಸ್ತೆ."

ಬೈದರೆ ಒಳ್ಳೆಯದು. ನಕ್ಕರೆ ಇನ್ನೂ ಒಳ್ಳೆಯದು.

ಸಂಜೆ

"ಈಗ ಗೊತ್ತಾಯ್ತು! ನಾಲ್ಕನೇ ಗೇರಲ್ಲಿ ಹೀಗೆ ಬಂದ್ರೆ ಹಿಂದಿನ ಆಕ್ಸಲ್! ಆಯಿಲ್ ನೋಡ್ಸು!"

ಎರಡು ಸಲ ಕೇಳಿದೆ. ಮೂರನೇ ಸಲ ಕೇಳಲು ಕೈ ಬರಲಿಲ್ಲ. ಹಾಗಾದರೆ ಬುರ್ಮಾ ಹೇಳಿದ್ದೇ ನಿಜ. ತೆರೆದೂ ನೋಡುವುದಿಲ್ಲ. ಅಷ್ಟು ದೂರ ಹೋದಮೇಲೆ ನಾನು ಇಷ್ಟಕ್ಕೂ ಯೋಗ್ಯಳಲ್ಲದವಳಾದೆ.

ಆದರೆ… ಕೇಳಿದರೆ ನೀಲಿಯಾಗುವ ಗುರುತು ಇದೆಯಲ್ಲ, ಅದು ನೀಲಿ. ಹಿಂದಿನವೂ ನೀಲಿಯೇ. ಒಂದಕ್ಕೆ "ಇನ್ನೊಮ್ಮೆ ಕಳಿಸು, ಉದ್ದವಾಗಿ" ಅಂತ ಕೇಳಿಸಿಕೊಂಡವರ ಹಾಗೆಯೇ ಕೇಳಿದ್ದರು.

ಕೇಳಿದ್ದಾರೆ. ಕರು, ಗಂಟೆ, ಹೆತ್ತ ತಾಯಿಯ ಬೈಗುಳ ಎಲ್ಲ ಕೇಳಿ ಆಕ್ಸಲ್ ಅಂದರೇ? ಏನೂ ಅರ್ಥವಾಗುತ್ತಿಲ್ಲ.

ಆಗಸ್ಟ್ 22

ಮೇ ತಿಂಗಳಿಂದ ಬಂದ ದನಿಗಳನ್ನೆಲ್ಲ ಸಾಲಾಗಿ ಹಾಕಿದೆ. ಹಿಂದೆ ಒಂದರಲ್ಲೂ ಕೆಲಸದ ಗಲಾಟೆ ಇಲ್ಲ. ನಿಶ್ಶಬ್ದ ಕೋಣೆ. ಆ ನಿಶ್ಶಬ್ದದಲ್ಲಿ ಇವರು ಒಬ್ಬರೇ ಕಿರುಚುತ್ತಿದ್ದಾರೆ.

ಗೊತ್ತಾಯಿತು ಅನಿಸುತ್ತದೆ. ಬೇಡ. ಬರೆಯುವುದಿಲ್ಲ.

ಸೆಪ್ಟೆಂಬರ್ 2

ಬರೆಯದೆ ಇಷ್ಟು ದಿನ ಆಯಿತು. ಕಾರಿನ ವಿಷಯ ಬರೆಯುತ್ತೇನೆ, ಅದು ಸುಲಭ.

ಒಸ್ಮೊನಾಲಿ ಬೈಕೆಗೆ ಹೇಳಿದೆ, "ತುರ್…" ಅಂತ ಬಾಯಿಗೆ ಬಂದಿತ್ತು, ನುಂಗಿದೆ. ಗಂಡನ ಹೆಸರು ಹೇಳುವಷ್ಟು ಇನ್ನೂ ಕೆಟ್ಟಿಲ್ಲ. "ನಮ್ಮನೆಯವ್ರ ಮಾತು ಪಕ್ಕಕ್ಕಿಡಿ ಬೈಕೆ. ನಿಮಗೆ ಎಲ್ಲಿಂದ ಕೇಳಿಸ್ತು, ಅಲ್ಲೇ ನೋಡಿ."

"ಅವ್ನು ಬೈದ್ರೆ?"

"ಬೈದ್ರೆ ನಂಗೆ ಬೈಲಿ."

ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಬಿಚ್ಚಿ ಪಕ್ಕಕ್ಕಿಟ್ಟ. ನಾಲ್ಕೂ ಚಕ್ರ ಎಳೆಯುವ ಕಾರಲ್ಲವೇ, ಹಿಂದಿನ ಚಕ್ರಗಳಲ್ಲೇ ಓಡಿಸಿ ನೋಡಿದೆವು. ಅರವತ್ತು. ಎಂಬತ್ತು. ಸದ್ದಿಲ್ಲ! ಶಾಫ್ಟ್ ತುದಿಯ ಜಾಯಿಂಟ್ ಒಳಗೆಲ್ಲ ತುಕ್ಕು ಹಿಡಿದು ಪುಡಿಪುಡಿ. ಒಸ್ಮೊನಾಲಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ಇದ್ದ. "ಇದು ತುರ್ದಾಕುನ್‌ಗೆ ಗೊತ್ತಾಗ್ಲಿಲ್ವಾ?"

"ಮೂಗು ಸುರೀತಿದೆ, ಗಾಳಿ" ಅಂದೆ.

ಸೆಪ್ಟೆಂಬರ್ 3

ಬರೆದು ಕಳಿಸಿದೆ. ಸದ್ದು ಕಳಿಸಲಿಲ್ಲ.

"ಕಾರು ಸರಿಯಾಯಿತು. ಮುಂದಿನ ಶಾಫ್ಟ್ ಜಾಯಿಂಟ್. ನಾಲ್ಕನೇ ಗೇರು ಅಂತ ನಾನು ಕಳಿಸಿದ್ದು ನಮ್ಮ ಕೆನೆ ಯಂತ್ರದ ಸದ್ದು. ನಿಮಗೆ ಕೇಳಿಸುತ್ತಾ ಇದೆಯಾ?"

ಸೆಪ್ಟೆಂಬರ್ 6

ಮೂರು ದಿನ ಏನಿಲ್ಲ. ಇವತ್ತು ಬರಹದಲ್ಲಿ ಬಂತು. ತಪ್ಪು ತಪ್ಪು ಅಕ್ಷರ, ಉದ್ದಕ್ಕೆ.

ಮೇ ತಿಂಗಳಲ್ಲಿ ಪಕ್ಕದಲ್ಲೇ ಕಂಪ್ರೆಸರಿನ ಗಾಳಿಯ ಟ್ಯಾಂಕ್ ಸಿಡಿಯಿತಂತೆ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಹತ್ತಿರದಿಂದ ಕೂಗಿದರೆ ಏನೋ ಗೊರಗೊರ, ಮಾತು ಅಂತ ಗೊತ್ತಾಗುತ್ತದೆ, ಯಾವ ಮಾತು ಅಂತ ಇಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು ಪ್ರತಿ ಸಲ ಕೊನೆತನಕ ಇಟ್ಟುಕೊಳ್ಳುತ್ತಿದ್ದರಂತೆ. ಡಾಕ್ಟರು ಇದಕ್ಕಿಂತ ಹೆಚ್ಚಾಗದು ಅಂದಿದ್ದಾರೆ.

ಕೊನೆಗೆ ಹೀಗೆ: "ನನ್ನಿಂದ ನಿನಗೆ ಬೇಕಾದದ್ದು ಅಂತ ಉಳಿದಿದ್ದು ಅದೊಂದೇ, ಕಾರಿನ ಸದ್ದು ಕೇಳಿ ಹೇಳೋದು. ಅದೂ ಆಗಲ್ಲ ಅಂದ್ರೆ ಯಾವ ಮುಖ ಇಟ್ಕೊಂಡು ಬರ್ಲಿ?"

ಕೊಟ್ಟಿಗೆಗೆ ಹೋಗಿ ಅತ್ತುಬಿಟ್ಟೆ. ಬುರ್ಮಾ ಹೇಳಿದ್ದು ಸುಳ್ಳಾಯಿತು ಅಂತ ಒಳಗೊಳಗೇ ಸಂತೋಷವೂ ಆಯಿತು. ಎಂಥ ಹೆಂಗಸು ನಾನು. ಗಂಡನ ಕಿವಿ ಹೋಗಿದೆ, ನನಗೆ ಸಂತೋಷ.

ಬರೆದೆ: "ಇರುವ ಮುಖ ಇಟ್ಟುಕೊಂಡು ಬನ್ನಿ."

ಸೆಪ್ಟೆಂಬರ್ 14

ಬರುತ್ತಾರೆ. ಗುರುವಾರ ವಿಮಾನ, ಶುಕ್ರವಾರ ಬೆಳಗ್ಗೆ ಬಿಷ್ಕೆಕ್‌ನಿಂದ ವ್ಯಾನ್. ಅತ್ತೆಗೆ ಹೇಳಿದೆ, ಎಲ್ಲವನ್ನೂ. ಹಾಲಿನ ಪಾತ್ರೆ ತೊಳೆದಿಟ್ಟರು. ಆಮೇಲೆ, "ಹಾಗಾದ್ರೆ ಅವ್ನಿಗೆ ಕುದುರೆ ವಿಷ್ಯ ಗೊತ್ತೇ ಇಲ್ಲ?" ಅಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ನಾನ್ ಸುಮ್ನೆ ಬೈಕೊಂಡೆ ನನ್ ಮಗೂನ."

ಸೆಪ್ಟೆಂಬರ್ 18, ಮಧ್ಯಾಹ್ನ, ನಾರಿನ್ ವ್ಯಾನ್ ಸ್ಟ್ಯಾಂಡ್

ಬೇಗ ಬಂದೆ. ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ದಾರಿಯುದ್ದಕ್ಕೂ ಕಾರು ಮೌನ. ನನಗೇ ನಿದ್ದೆ ಬರುವಷ್ಟು.

ಇಷ್ಟು ದಿನ ಹೊಳೆಯದ ಒಂದು ವಿಷಯ ಈಗ ಹೊಳೆಯುತ್ತಿದೆ. ಇವರು ಇಳಿದು ಜನದ ನಡುವೆ ನಿಂತಿರುತ್ತಾರೆ. ಹೆಸರು ಹಿಡಿದು ಕರೆಯುವ ಹಾಗಿಲ್ಲ, ನಾನು ಯಾವತ್ತೂ ಕರೆದಿಲ್ಲ. "ಏನ್ರೀ" ಅಂತ ಕೂಗಿದರೂ ತಿರುಗುವುದಿಲ್ಲ. ಹಾರನ್ ಹೊಡೆದರೂ ಇಲ್ಲ. ಹತ್ತಿರ ಹೋಗಿ ಹೆಗಲು ಮುಟ್ಟಬೇಕು. ಇಷ್ಟು ಜನರ ಎದುರಿಗೆ. ಮದುವೆಯಾದಾಗಿನಿಂದ ಬೀದಿಯಲ್ಲಿ ನಾನು ಇವರ ತೋಳನ್ನೂ ಮುಟ್ಟಿದವಳಲ್ಲ. ಬುರ್ಮಾ ಎಜೆ ಅಲ್ಲೇ ಚಹಾ ಅಂಗಡಿಯಲ್ಲಿ ಕೂತು ನೋಡುತ್ತಿದ್ದಾಳೆ. ನಾಳೆ ಊರಿಗೆಲ್ಲ ಗೊತ್ತಾಗುತ್ತದೆ. ಆಗಲಿ.

ವ್ಯಾನ್ ಬಂತು. ಮುದುಕ, ಇಬ್ಬರು ಹುಡುಗಿಯರು, ಒಂದು ಗೋಣಿಚೀಲ… ಇವರು. ಸಣ್ಣಗಾಗಿದ್ದಾರೆ. ಆ ಕಡೆ ತಿರುಗಿ ನಿಂತು ಹುಡುಕುತ್ತಿದ್ದಾರೆ, ಬೆನ್ನು ನನ್ನ ಕಡೆ —

ಹೋಗಿ ಹೆಗಲು ಮುಟ್ಟುತ್ತೇನೆ.