ಎರಡನೆಯ ದಿಂಬು

ನಮ್ಮ ಮನೆಯ ವೈದ್ಯರೂ ನನ್ನ ಪಾಲಿಗೆ ಗುರುಗಳೂ ಆಗಿದ್ದ ವಸುಂಧರಮ್ಮನವರೇ,

ಸಾವಿತ್ರಿ ಇಂದು ಬೆಳಿಗ್ಗೆ ಉದ್ಯಾನವನ್ನು ಪೂರ್ತಿ ಒಂದು ಸುತ್ತು ಬಂದಳು! ಎಲ್ಲಿಯೂ ಕೂರದೆ, ಕಂಬಿ ಹಿಡಿಯದೆ, ನನ್ನ ತೋಳನ್ನೂ ಆಸರೆ ಮಾಡಿಕೊಳ್ಳದೆ. ಸುತ್ತು ಮುಗಿಸಿ ನನ್ನೆದುರು ನಿಂತು, "ಏನ್ರೀ ಹಾಗೆ ನೋಡ್ತಾ ಇದೀರ, ಹೆಣ್ಣು ನೋಡೋಕೆ ಬಂದೋರ ಹಾಗೆ? ನಡೀರಿ, ಕಾಫಿಗೆ ಹೊತ್ತಾಯ್ತು" ಎಂದು ಗದರಿದಳು. ಅಷ್ಟನ್ನೂ ಒಂದೇ ಉಸಿರಿನಲ್ಲಿ ಗದರಿದಳು. ಆ ಒಂದೇ ಉಸಿರಿನ ಬೆಲೆ ನಿಮಗಲ್ಲದೆ ಇನ್ನಾರಿಗೆ ತಿಳಿದೀತು? ಮನೆಗೆ ಬಂದವನೇ ಬರೆಯಲು ಕುಳಿತಿದ್ದೇನೆ. ಕಾಫಿ ಪಕ್ಕದಲ್ಲಿ ಆರುತ್ತಿದೆ. ನೀವು ನಮ್ಮನ್ನೆಲ್ಲ ಅಗಲಿ ಹೋಗಿ ವರ್ಷವಾಗುತ್ತ ಬಂದರೂ, ನಮ್ಮ ಮನೆಯಲ್ಲಿ ಯಾರಿಗೆ ಏನಾದರೂ ಮೊದಲು ನಿಮಗೆ ತಿಳಿಸಬೇಕೆಂಬ ಅಭ್ಯಾಸ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ಗೋವಿಂದರಾಜನಗರದ ಹೊಲಿಗೆಯಂಗಡಿಯ ಮೇಲಿದ್ದ ನಿಮ್ಮ ಕೋಣೆಗೆ ನಾವಿಬ್ಬರೂ ಮೊದಲ ಸಲ ಬಂದ ದಿನ ನಿಮಗೆ ನೆನಪಿದೆಯೇ? ಆ ಕಡಿದಾದ ಮೆಟ್ಟಿಲುಗಳನ್ನು ಶಪಿಸುತ್ತಲೇ ಹತ್ತಿದ ನಾನು, ವೈದ್ಯರಾದವರು ಕೆಳಮನೆಯಲ್ಲಿ ಕೋಣೆ ಹಿಡಿಯಬಾರದೇ ಎಂದು ಕೇಳಿಯೇಬಿಟ್ಟೆ. ನೀವು ನಕ್ಕಿರಿ. "ಮಂಡಿ ನೋವಿರೋರಿಗೆ ನಾನೇ ಕೆಳಗೆ ಬರ್ತೀನಿ ಮೇಷ್ಟ್ರೇ. ಮಿಕ್ಕೋರು ಹತ್ತಲಿ ಬಿಡಿ. ಇಲ್ಲಿ ಕೂತು ಸದ್ದು ಕೇಳ್ತಾ ಇದ್ರೆ ನನಗೆ ಅರ್ಧ ವಿಷಯ ಗೊತ್ತಾಗತ್ತೆ" ಎಂದಿರಿ. ಬರುವವರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಮಾತನಾಡುತ್ತ ಹತ್ತುತ್ತಾರೋ ಬಾಯಿ ಮುಚ್ಚಿ ಹತ್ತುತ್ತಾರೋ… ನನ್ನನ್ನು ನೋಡುವ ಮೊದಲೇ ನೀವು ನನ್ನ ಉಸಿರನ್ನು ಕೇಳಿಯಾಗಿತ್ತು. "ನಿಮ್ಮೆದೆ ಗಟ್ಟಿಯಾಗಿದೆ. ದಾರಿಯುದ್ದಕ್ಕೂ ಬೈತಾನೇ ಬಂದ್ರಲ್ಲ" ಎಂದಾಗ ಸಾವಿತ್ರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು.

ಪ್ರಕೃತಿ ಚಿಕಿತ್ಸೆಯೆಂದರೆ ಮೈಗೆಲ್ಲ ಮಣ್ಣು ಮೆತ್ತಿ ಬೇವಿನ ರಸ ಕುಡಿಸುತ್ತಾರೆಂದು ಹೆದರಿ ಬಂದವನು ನಾನು. ನೀವು ಕೇಳಿದ್ದಾದರೂ ಏನು? ರಾತ್ರಿ ಊಟ ಎಷ್ಟು ಹೊತ್ತಿಗೆ? ಉಂಡ ಮೇಲೆ ನಡೆಯುತ್ತೀರಾ, ಇಲ್ಲ ದೂರದರ್ಶನದ ಮುಂದೆ ಕೂರುತ್ತೀರಾ? ಬೆನ್ನಿಗೆ ಬಿಸಿಲು ಬಿದ್ದು ಎಷ್ಟು ದಿನವಾಯಿತು? ಸಾವಿತ್ರಿಯ ರಕ್ತದೊತ್ತಡವನ್ನು ಅಳೆದ ಮೇಲಂತೂ ನಿಮ್ಮ ಮಾತೆಲ್ಲ ಉಪ್ಪಿನಕಾಯಿಯ ಜಾಡಿಯ ಸುತ್ತಲೇ ಸುತ್ತಿತು. "ಜಾಡಿ ಪಕ್ಕದ ಮನೇಲಿರ್ಲಿ ಸಾವಿತ್ರಮ್ಮ. ಬೇಕಾದಾಗ ಹೋಗಿ ಕೇಳಿ ತನ್ನಿ. ನಾಚಿಕೆಗಾದ್ರೂ ಕಮ್ಮಿ ಆಗತ್ತೆ." ಇಷ್ಟಾದ ಮೇಲೆ ಅವಳು ಆಸೆಯಿಂದ, ಹಾಗಾದರೆ ಗುಳಿಗೆಗಳನ್ನು ನಿಲ್ಲಿಸಬಹುದೇ ಎಂದು ಕೇಳಿದಳು. ನಿಮ್ಮ ಮುಖದ ನಗು ಥಟ್ಟನೆ ಮಾಯವಾಯಿತು. "ಮಾತ್ರೆ ಕೊಟ್ಟೋರು ಬೇರೆ ಡಾಕ್ಟ್ರು. ನಿಲ್ಲಿಸೋದಾದ್ರೂ ಅವರೇ ನಿಲ್ಲಿಸ್ಬೇಕು. ನಾನಲ್ಲ. ನೀವಂತೂ ಅಲ್ಲವೇ ಅಲ್ಲ."

ಆ ಕುರ್ಚಿಯಿಂದ ಏಳಬೇಕಾದರೆ ಪಾಠ ಒಪ್ಪಿಸಲೇಬೇಕಿತ್ತು, ಅಲ್ಲವೇ? ನೀವು ಚೀಟಿ ಬರೆದುಕೊಡುತ್ತಿರಲಿಲ್ಲ. ಮೇಜಿನ ಮೇಲೆ ಕೈಕಟ್ಟಿ ಕುಳಿತು, "ಈಗ ನಾನು ನಿಮಗೇನು ಹೇಳ್ದೆ? ಹೇಳಿ ನೋಡೋಣ" ಎನ್ನುತ್ತಿದ್ದಿರಿ. ಬದುಕಿನುದ್ದಕ್ಕೂ ಮಕ್ಕಳಿಂದ ಕನ್ನಡ ಪದ್ಯಗಳನ್ನು ಒಪ್ಪಿಸಿಕೊಂಡ ನಾನು ಆ ಇಳಿವಯಸ್ಸಿನಲ್ಲಿ ವಿದ್ಯಾರ್ಥಿಯಾದೆ. ಸೂರ್ಯಾಸ್ತದೊಳಗಾಗಿ ಮಿತಾಹಾರವನ್ನು ಸೇವಿಸತಕ್ಕದ್ದೆಂದೂ, ಭೋಜನಾನಂತರ ಮಂದಗತಿಯಲ್ಲಿ ನಡೆಯತಕ್ಕದ್ದೆಂದೂ ಒಪ್ಪಿಸಿದಾಗ ನೀವು ತಲೆಯಲ್ಲಾಡಿಸಿದ್ದು ಅಡ್ಡಕ್ಕೆ! "ಭಾಷಣ ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಇದನ್ನ ಯಾರೂ ಮನೇಲಿ ಮಾಡಲ್ಲ. ಅಡುಗೆಮನೇಲಿ ಹೆಂಡ್ತಿಗೆ ಹೇಳೋ ಹಾಗೆ ಹೇಳಿ." ನಾನು ಮೂರನೆಯ ಯತ್ನದಲ್ಲಿ ತೇರ್ಗಡೆಯಾದೆ, ಸಾವಿತ್ರಿ ಮೊದಲನೆಯದರಲ್ಲೇ. ಬಾಗಿಲವರೆಗೆ ಬಂದ ನೀವು ಎಲ್ಲರಿಗೂ ಹೇಳುವ ಮಾತನ್ನು ನಮಗೂ ಹೇಳಿದಿರಿ: "ನಿಮಗೆ ಹೇಳಿದ್ದು ನಿಮಗೆ ಮಾತ್ರ. ಪಾರ್ಕಲ್ಲಿ ಪ್ರಸಾದದ ಹಾಗೆ ಹಂಚಬೇಡಿ."

ನೀವು ಹೋದ ಮೇಲೆ ನಡೆದದ್ದೇ ಅದು. ಪ್ರಸಾದದ ಹಂಚಿಕೆ! ಬೆಳಗಿನ ನಡಿಗೆಯವರೆಲ್ಲ ಕಲ್ಲುಬೆಂಚಿನ ಸುತ್ತ ಸೇರಿದರೆಂದರೆ ನಿಮ್ಮದೇ ಮಾತು. ಅದರಲ್ಲಿ ಕೆಡುಕೇನೂ ಇರಲಿಲ್ಲ. ನಿಮ್ಮನ್ನು ಮರೆಯಲಾರದವರ ಅಕ್ಕರೆಯದು. ಒಬ್ಬರ ಹೊಟ್ಟೆಯುರಿಗೆ ಹೇಳಿದ್ದು ಇನ್ನೊಬ್ಬರ ತಲೆನೋವಿಗೆ, ತೆಳ್ಳನೆಯವರಿಗೆ ಹೇಳಿದ್ದು ದಪ್ಪನೆಯವರಿಗೆ ಹೋಗಿ ಸೇರುತ್ತಿತ್ತು. ಗದಗಿನ ಕಡೆಯಿಂದ ಮಗಳ ಮನೆಗೆಂದು ಬಂದು ಇಲ್ಲಿಯೇ ನೆಲೆಸಿದ ರುದ್ರೇಶಪ್ಪನವರು ನಿಮಗೆ ಗೊತ್ತಲ್ಲ, ಮೂತ್ರಪಿಂಡದಲ್ಲಿ ಕಲ್ಲಾಗಿ ನಿಮ್ಮಲ್ಲಿಗೆ ಬರುತ್ತಿದ್ದವರು? ಸಾವಿತ್ರಿಯ ಪಾದಗಳು ತುಸು ಊದಿದ್ದನ್ನು ಕಂಡು ಅವರ ಮನಸ್ಸು ಕರಗಿತು. "ಯಾಕ್ರೀ ಸಾವಿತ್ರಮ್ಮಾರ, ಇಷ್ಟಕ್ಕ ಹೆದರ್ತೀರೇನ್ರೀ? ಮುಂಜಾನಿ ಎದ್ದ ಕೂಡ್ಲೆ ತಂಬಿಗಿ ತುಂಬ ನೀರು ಕುಡೀರಿ. ಮತ್ತ ಮಧ್ಯಾಹ್ನಕ್ಕೊಂದು, ಸಂಜಿಗೊಂದು. ಡಾಕ್ಟರಮ್ಮಾರ ಹೇಳಿದ್ದು ನನಗ. ಒಳಗಿಂದೆಲ್ಲಾ ತೊಳಕೊಂಡು ಹೋಕ್ಕೈತಿ ನೋಡ್ರಿ!"

ನಿಮ್ಮ ಹೆಸರು ಕೇಳಿದ ಮೇಲೆ ಸಾವಿತ್ರಿ ಇನ್ನೇನನ್ನು ಯೋಚಿಸಿಯಾಳು? ತಂಬಿಗೆ ಅಂದಿನಿಂದಲೇ ಹಾಸಿಗೆಯ ಪಕ್ಕಕ್ಕೆ ಬಂತು. ಅವಳ ಗುಳಿಗೆಗಳಲ್ಲಿ ಮೈಯ ನೀರಿಳಿಸುವ ಒಂದು ಚಿಕ್ಕ ಗುಳಿಗೆಯಿತ್ತಲ್ಲ, ಅದನ್ನು ನುಂಗಿದರೆ ಮತ್ತೆ ಮತ್ತೆ ಬಚ್ಚಲಿಗೆ ಹೋಗಬೇಕು, "ಪಾರ್ಕಲ್ಲಿ ನಾನು ಎಲ್ಲಿಗೆ ಹೋಗ್ಲಿ?" ಎಂಬ ಸಂಕೋಚದಿಂದ ಅದನ್ನು ಸದ್ದಿಲ್ಲದೆ ಬಿಟ್ಟಿದ್ದಳು. ನೀರು ಹೇಗೂ ಒಳಗಿನಿಂದ ತೊಳೆಯುತ್ತದಲ್ಲ! ಪಾದದ ಊತ ಕಣಕಾಲಿಗೆ ಏರಿತು. ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆಂದು ನನ್ನ ದಿಂಬನ್ನೂ ತೆಗೆದುಕೊಂಡು ಎರಡು ದಿಂಬಿಗೆ ಒರಗಿ ಮಲಗತೊಡಗಿದಳು. ನಾನು ಶಾಲನ್ನು ಮಡಚಿ ತಲೆಗಿಟ್ಟುಕೊಂಡೆ. ದಿಂಬು ಗಟ್ಟಿಯಾಗಿದೆಯೆಂದು ಇಷ್ಟು ವರ್ಷ ದೂರುತ್ತಿದ್ದವಳಿಗೆ ಈಗ ಎರಡು ಬೇಕಾಯಿತೇ ಎಂದು ಹಾಸ್ಯವನ್ನೂ ಮಾಡಿದೆ.

ಕಳೆದ ತಿಂಗಳ ಒಂದು ಬೆಳಿಗ್ಗೆ ನಾನು ಮಹಡಿಯ ಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ಸಾವಿತ್ರಿ ಹಾಲು ತರಲು ಕೆಳಗಿಳಿದಿದ್ದಳು. ಅವಳು ಮೆಟ್ಟಿಲು ಹತ್ತುವುದೆಂದರೆ ಕೆಳಮನೆಯ ಗಿರಿಜಮ್ಮನ ಜೊತೆ ಕೊನೆಯ ಮೆಟ್ಟಿಲವರೆಗೂ ಮಾತು. ಮಾತಿಗಾಗಿ ನಿಂತಾಳೇ ಹೊರತು ಉಸಿರಿಗಾಗಿ ನಿಂತವಳಲ್ಲ. ಅಂದು ಗಿರಿಜಮ್ಮನ ಮಾತಷ್ಟೇ ಕೇಳುತ್ತಿತ್ತು, ಇವಳ ಉತ್ತರವಿರಲಿಲ್ಲ. ಒಂದು ಹೆಜ್ಜೆ. ನಿಲುಗಡೆ. ಇನ್ನೊಂದು ಹೆಜ್ಜೆ. ಮತ್ತೆ… ವಸುಂಧರಮ್ಮನವರೇ, ಆ ಗಳಿಗೆಯಲ್ಲಿ ನಾನು ನಿಮ್ಮ ಕುರ್ಚಿಯಲ್ಲಿ ಕುಳಿತಿದ್ದೆ! ನಿಮ್ಮ ಕಿವಿಯಿಂದ ಕೇಳಿದೆ. ಪತ್ರಿಕೆ ಎಲ್ಲಿ ಬಿತ್ತೋ ತಿಳಿಯದು.

ಅವಳನ್ನು ಕೂರಿಸಿ, ಆಸ್ಪತ್ರೆಗೆ ಹೊರಡೋಣವೆಂದೆ. ಕೇಳಿದಳೇ? "ಏನೂ ಆಗಿಲ್ಲ ಕಣ್ರೀ. ಆಸ್ಪತ್ರೆಗೆ ಹೋದ್ರೆ ಒಳಗೆ ಹಾಕ್ಕೋತಾರೆ. ಡಾಕ್ಟರಮ್ಮ ಇದ್ದಿದ್ರೆ ಹೀಗೆ ಗಾಬರಿ ಮಾಡ್ತಿದ್ರಾ? ಅವರು ಹೇಳಿದ್ದನ್ನೇ ತಾನೇ ಮಾಡ್ತಾ ಇರೋದು ನಾನು?" ತರ್ಕಿಸಿದೆ, ಬೇಡಿದೆ, ದನಿಯೇರಿಸಿದೆ. ಅವಳು ಕದಲಲಿಲ್ಲ. ನಿಮ್ಮ ಹೆಸರನ್ನೇ ಗುರಾಣಿಯಂತೆ ಹಿಡಿದವಳೆದುರು ನನ್ನ ಮಾತು ನಡೆದೀತೇ? ಕೊನೆಗೆ ಊಟದ ಮೇಜಿನ ಆಚೆ ಬದಿಗೆ ಹೋಗಿ ಕುಳಿತು, ನಿಮ್ಮಂತೆಯೇ ಕೈಕಟ್ಟಿಕೊಂಡೆ. "ಸರಿ ಕಣೇ. ಡಾಕ್ಟರಮ್ಮ ನಿನಗೇನು ಹೇಳಿದ್ರು? ಹೇಳು ನೋಡೋಣ" ಎಂದೆ.

ಅವಳು ಹುರುಪಿನಿಂದಲೇ ತೊಡಗಿದಳು. "ಬೆಳಿಗ್ಗೆ ಎದ್ದ ತಕ್ಷಣ ಒಂದು ತಂಬಿಗೆ ನೀರು—"

"ಅದು ರುದ್ರೇಶಪ್ಪನಿಗೆ ಹೇಳಿದ್ದು. ನಿನಗೆ?"

ನಿಮ್ಮ ಕೋಣೆಯನ್ನು, ಆ ಕುರ್ಚಿಯನ್ನು ಅವಳು ಮನಸ್ಸಿನಲ್ಲಿ ಹುಡುಕುತ್ತಿರುವುದು ಕಾಣಿಸುತ್ತಿತ್ತು. ಆಮೇಲೆ ಮೆಲ್ಲಗೆ, ಉಸಿರಿಗಾಗಿ ತಡೆತಡೆದು, ಬಹುಮಟ್ಟಿಗೆ ನಿಮ್ಮ ದನಿಯಲ್ಲೇ ಒಪ್ಪಿಸಿದಳು: "ಉಪ್ಪಿನಕಾಯಿ ಪಕ್ಕದ ಮನೇಲಿರ್ಲಿ… ಮಾತ್ರೆ ಒಂದೂ ಬಿಡಬೇಡಿ… ಕಾಲು ಊದ್ಕೊಂಡ್ರೆ, ಮಲಗೋಕೆ ಎರಡನೇ ದಿಂಬು ಬೇಕು ಅನ್ನಿಸಿದ್ರೆ, ನನ್ನ ಮೆಟ್ಲು ಹತ್ಬೇಡಿ ಸಾವಿತ್ರಮ್ಮ. ಅವತ್ತೇ ದೊಡ್ಡಾಸ್ಪತ್ರೆಗೆ…" ನಾವಿಬ್ಬರೂ ಒಮ್ಮೆಗೇ ತಿರುಗಿ ನೋಡಿದೆವು. ತೆರೆದ ಬಾಗಿಲಿನಾಚೆ ಹಾಸಿಗೆಯ ಮೇಲೆ, ಒಂದರ ಮೇಲೊಂದು, ಎರಡೂ ದಿಂಬುಗಳಿದ್ದವು.

"ರೀ, ಆಟೋ ಕರೀರಿ" ಎಂದಳು.

ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದಾಕೆ ನಮ್ಮ ಮೊಮ್ಮಗಳ ವಯಸ್ಸಿನ ಹುಡುಗಿ. ಸಾವಿತ್ರಿಯ ಕಣಕಾಲಿನ ಮೇಲೆ ಹೆಬ್ಬೆರಳನ್ನು ಒತ್ತಿ ತೆಗೆದಾಗ ಬಿದ್ದ ಕುಳಿ ಹಾಗೆಯೇ ಉಳಿಯಿತು. ಹೃದಯ ದಣಿದಿದೆ, ಮೈಯಲ್ಲಿ ನೀರು ನಿಂತಿದೆ, ಅದರ ಮೇಲೆ ನಾವು ತಂಬಿಗೆಗಟ್ಟಲೆ ನೀರು ಸುರಿದಿದ್ದೇವೆ ಎಂದು ಆಕೆ ಬಿಡಿಸಿ ಹೇಳಿದಳು. "ಹಾರ್ಟ್ ವೀಕ್ ಆಗಿದೆ ಅಂಕಲ್. ಕರೆಕ್ಟ್ ಟೈಮಿಗೆ ಬಂದಿದೀರ. ಇನ್ನೊಂದೆರಡು ದಿನ ಲೇಟಾಗಿದ್ರೆ ತುಂಬಾ ಕಷ್ಟ ಆಗ್ತಿತ್ತು" ಎಂದಳು. ಯಾರ ಬಾಯಲ್ಲೂ ಒಂದು ಇಂಗ್ಲಿಷ್ ಪದವನ್ನು ಸಹಿಸದವನು ನಾನು; ಅಂದು ಆ ಹುಡುಗಿಯ ಮಾತಿನಷ್ಟು ಇಂಪಾದ ಕನ್ನಡವನ್ನು ಕೇಳಿರಲೇ ಇಲ್ಲವೆನ್ನಿಸಿತು. ಎರಡು ದಿಂಬಿನ ಮಾತನ್ನು ನಾನು ಹೇಳಿದಾಗ, ಈ ಲೆಕ್ಕವನ್ನು ನಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದಳು. ನಿಮ್ಮ ಹೆಸರು ಹೇಳಿದೆ.

ಸಾವಿತ್ರಿ ಮನೆಗೆ ಮರಳಿದ ಮೇಲೆ ರುದ್ರೇಶಪ್ಪನವರು ನೋಡಲು ಬಂದರು. ವಿಷಯವೆಲ್ಲ ತಿಳಿದು ಪಾಪ, ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. "ನನ್ನಿಂದ ಹಿಂಗಾತಲ್ರೀ ತಂಗೆವ್ವಾ" ಎಂದು ಕಣ್ಣೊರೆಸಿಕೊಂಡರು. ಇವಳು ಅವರನ್ನು ಸಮಾಧಾನಪಡಿಸಿ, ಅಳತೆಯ ಲೋಟದಲ್ಲಿ ತನಗೆ ಗೊತ್ತುಮಾಡಿದ್ದಷ್ಟೇ ನೀರನ್ನು ತಾನು ಕುಡಿದು, ಅವರ ಮುಂದೆ ತುಂಬಿದ ತಂಬಿಗೆಯನ್ನಿಟ್ಟಳು. "ಇದು ನಿಮ್ಮದು ಅಣ್ಣಾ. ಡಾಕ್ಟರಮ್ಮ ನಿಮಗೇ ಹೇಳಿದ್ದು. ಬಿಡಬೇಡಿ, ಕಲ್ಲು ಮತ್ತೆ ಬಂದೀತು." ಅವರು ಅಳುತ್ತಲೇ ನಕ್ಕರು, ನಗುತ್ತಲೇ ತಂಬಿಗೆ ಬರಿದು ಮಾಡಿದರು.

ಈಗ ಕಲ್ಲುಬೆಂಚಿನ ಸಭೆಯ ರೀತಿಯೇ ಬದಲಾಗಿದೆ. ಯಾರಾದರೂ "ಡಾಕ್ಟರಮ್ಮ ಹೇಳ್ತಿದ್ರು…" ಎಂದು ಬಾಯಿ ತೆಗೆದರೆ ಸಾಕು, ನಾಲ್ಕು ಕಡೆಯಿಂದ ಒಂದೇ ಕೂಗು: "ಯಾರಿಗೆ?" ಇಂದು ಬೆಳಿಗ್ಗೆ ಬೂದುಗುಂಬಳದ ರಸ ಹಿಡಿದು ಬಂದ ಮಹನೀಯರೊಬ್ಬರು ಆ ಕೂಗಿಗೆ ಬೆಚ್ಚಿ ರಸವನ್ನೆಲ್ಲ ತಾವೇ ಕುಡಿದುಬಿಟ್ಟರು. ನೀವು ನೋಡಬೇಕಿತ್ತು!

ನಿಮಗೊಂದು ಮಾತು ಕೊಡುತ್ತೇನೆ. ನನಗೆ ಹೇಳಿದ್ದನ್ನು ನಾನು ಮಾಡುತ್ತೇನೆ, ಅವಳಿಗೆ ಹೇಳಿದ್ದನ್ನು ದಿನವೂ ಒಪ್ಪಿಸಿಕೊಳ್ಳುತ್ತೇನೆ, ಯಾರದನ್ನೂ ಯಾರಿಗೂ ಹಂಚುವುದಿಲ್ಲ. ಅಡುಗೆಮನೆಯ ಮಾತಿನಲ್ಲೇ ಹೇಳಲೇ? ಬೇಗ ಉಣ್ತೀನಿ, ಉಂಡು ನಡೀತೀನಿ, ಅವಳು ಮೆಟ್ಲು ಹತ್ತೋವಾಗ ಪೇಪರ್ ಕೆಳಗಿಡ್ತೀನಿ. ತೇರ್ಗಡೆಯೇ?

ಎಲ್ಲಕ್ಕಿಂತ ದೊಡ್ಡ ಸುದ್ದಿಯನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ಈ ಬೆಳಿಗ್ಗೆ ಎದ್ದಾಗ ನನ್ನ ಕತ್ತು ನೋಯುತ್ತಿರಲಿಲ್ಲ. ಮಡಚಿಟ್ಟ ಶಾಲು ಕಾಲ ಬಳಿ ಬಿದ್ದಿತ್ತು. ನನ್ನ ತಲೆಯಡಿಯಲ್ಲಿ ನನ್ನ ದಿಂಬಿತ್ತು. ಅದನ್ನು ಯಾವಾಗ ನನ್ನ ಕಡೆಗೆ ತಳ್ಳಿದಳೋ, ಅವಳಿಗೂ ನೆನಪಿಲ್ಲವಂತೆ.

ಎಂದೆಂದೂ ನಿಮ್ಮ ಎದುರು ಕುರ್ಚಿಯ ವಿದ್ಯಾರ್ಥಿ,
ವಿಜಯನಗರದ ಮೇಷ್ಟ್ರು