ಆರ್ಟ್ಸ್ ಮನೆತನದವರು

ಬರಿದುಕಾಲ ಕಳೆದ ಇನ್ನೂರ ನಾಲ್ಕನೆಯ ವರ್ಷ, ಸುಣ್ಣದ ತಿಂಗಳು,
ಮೊದಲ ಕೋಟು ಬಳಿಯುವ ಹಿಂದಿನ ದಿನ.
ಹರಿಹರದ ಹೊಳೆದಂಡೆ, ನಾಡಚಿತ್ರಶಾಲೆಯ ಪಡುವಣ ಗೋಡೆ.

ಹಿರಿಯರಾದ ತಿಪ್ಪೇಶಿ ಆರ್ಟ್ಸ್ ಅವರಿಗೆ, ಅವರ ಊರಿನವರೇ ಆದ ನಜೀರ್ ಆರ್ಟ್ಸ್ ಮತ್ತು ಜೋಸೆಫ್ ಆರ್ಟ್ಸ್ ಅವರಿಗೆ, ಈರಿ ಮಾಡುವ ನಮಸ್ಕಾರಗಳು.

ಮೊದಲಿಗೆ ನನ್ನ ಭಾಷೆಯನ್ನು ಮನ್ನಿಸಬೇಕು. ನಿಮಗೂ ನನಗೂ ನಡುವೆ ಬಹಳ ಕಾಲ ಸರಿದಿದೆ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ಪುಸ್ತಕಗಳಿಂದಲ್ಲ, ನೀವು ಬರೆದ ಬೋರ್ಡುಗಳಿಂದ. 'ಗೇಟಿನ ಮುಂದೆ ವಾಹನ ನಿಲ್ಲಿಸಬಾರದು' ಎಂಬುದು ನಾನು ಬಾಯಿಪಾಠ ಮಾಡಿದ ಮೊದಲ ವಾಕ್ಯ. ಎಷ್ಟೋ ವರ್ಷ ಅದನ್ನು ಗಾದೆಯೆಂದೇ ತಿಳಿದಿದ್ದೆ. ಯಾರಾದರೂ ಇನ್ನೊಬ್ಬರ ಮಾತಿಗೆ ಅಡ್ಡ ಬಂದಾಗ ನಮ್ಮ ಮನೆಯಲ್ಲಿ ಈಗಲೂ ಅದನ್ನೇ ಹೇಳುತ್ತೇವೆ.

ಈ ಕಾಗದ ನಿಮ್ಮ ಕೈ ಸೇರುವುದಿಲ್ಲವೆಂದು ನನಗೆ ತಿಳಿಯದೆ ಇಲ್ಲ. ಆದರೂ ನಮ್ಮಲ್ಲಿ ಅಡಿಮಾತು ಎಂಬ ಪದ್ಧತಿಯಿದೆ. ದೊಡ್ಡ ಗೋಡೆಯೊಂದರ ಮೇಲೆ ಚಿತ್ರ ಬರೆಯುವ ಮುನ್ನ, ಬರಿಯ ಗಾರೆಯ ಮೇಲೆ ನಮ್ಮ ಹಿರಿಯರಿಗೊಂದು ಕಾಗದ ಬರೆಯುತ್ತೇವೆ. ಮರುದಿನ ಅದರ ಮೇಲೆ ಸುಣ್ಣ ಬಳಿದು ಕೆಲಸ ಶುರು ಮಾಡುತ್ತೇವೆ. ಓದುವವರು ಯಾರೆಂದು ಯಾರೂ ಕೇಳುವುದಿಲ್ಲ. ನಾಡಚಿತ್ರಶಾಲೆಯ ಈ ಗೋಡೆ ನನ್ನ ಪಾಲಿಗೆ ಬಂದಿರುವುದರಿಂದ ಅಡಿಮಾತೂ ನನ್ನದೇ. ಬೆಳಗಿನಿಂದ ಏಣಿಯ ಮೇಲೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ಅಲ್ಲಲ್ಲಿ ವಾಲಿದ್ದರೆ ಕಾಲಿನ ತಪ್ಪು, ಕೈಯದಲ್ಲ.

ನಿಮ್ಮ ನಂತರ ಏನಾಯಿತೆಂದು ಹೇಳುತ್ತೇನೆ. ನಿಮ್ಮ ಕಾಲದ ಜನ ತಮ್ಮ ಮುಖಗಳನ್ನೆಲ್ಲ ಬೆಳಕಿನ ಯಂತ್ರಗಳೊಳಗೆ ಇಟ್ಟಿದ್ದರಂತೆ. ಮದುವೆ, ನಾಮಕರಣ, ಸತ್ತ ಅಜ್ಜನ ನಗು, ಎಲ್ಲವೂ ಅಲ್ಲೇ. ಒಂದು ಕಾಲದಲ್ಲಿ ಆ ಯಂತ್ರಗಳೆಲ್ಲ ಒಂದರ ಹಿಂದೊಂದು ಕಣ್ಣುಮುಚ್ಚಿದವು. ಅದನ್ನೇ ನಾವು ಬರಿದುಕಾಲ ಎನ್ನುವುದು. ಹೊಟ್ಟೆಗೆ ಕಷ್ಟವಾದದ್ದನ್ನು ಜನ ಮರೆತರು, ಹೆತ್ತವರ ಮುಖ ಕಳೆದುಹೋದದ್ದನ್ನು ಮಾತ್ರ ಮರೆಯಲಿಲ್ಲ. ಬೀದಿ ತುಂಬ ನಿಲ್ಲಿಸಿದ್ದ ಫ್ಲೆಕ್ಸುಗಳೋ, ಬಿಸಿಲಿಗೆ ಬೆಳ್ಳಗಾದವು. ಹಾಳೆ ಮಾತ್ರ ಗಟ್ಟಿ, ಇವತ್ತಿಗೂ ನಮ್ಮ ಎಮ್ಮೆ ಕೊಟ್ಟಿಗೆಗೆ ಅದೇ ಹೊದಿಕೆ. ಯಾವ ನಾಯಕರ ಹುಟ್ಟುಹಬ್ಬವೋ ಏನೋ, ಈಗ ಅವರ ನೆರಳಲ್ಲಿ ಎಮ್ಮೆ ಮೆಲುಕು ಹಾಕುತ್ತದೆ.

ಉಳಿದದ್ದು ಕೈಯಲ್ಲಿ ಬರೆದದ್ದು. ತಗಡಿನ ಮೇಲಿನ ನಿಮ್ಮ ಎನಾಮಲ್, ಶಾಲೆಯ ಗೋಡೆಯ ಹುಲಿ, ಲಾರಿಯ ಹಿಂಬದಿಯ ಹಂಸಗಳ ಜೋಡಿ. ಅವನ್ನು ನೋಡಿ ನೋಡಿ ಕೈ ಪಳಗಿಸಿಕೊಂಡ ಹೊನ್ನೂರಮ್ಮ ಎಂಬಾಕೆ ಮನೆಮನೆಗೆ ಹೋಗಿ ಕುಳಿತಳು. ಮನೆಯವರು ಹೇಳುತ್ತ ಹೋಗುವುದು, ಆಕೆ ಬರೆಯುತ್ತ ಹೋಗುವುದು. ಅವ್ವನ ಮೂಗು ಸ್ವಲ್ಪ ಸೊಟ್ಟ, ಇಲ್ಲ ಅಷ್ಟಲ್ಲ, ನಗುವಾಗ ಎಡಗಣ್ಣು ಸಣ್ಣಗಾಗುತ್ತಿತ್ತು ಎಂದು ಅವರು ತಿದ್ದುವರು, ಆಕೆ ಒರೆಸಿ ಬರೆಯುವಳು. ಮನೆಯ ಒಬ್ಬರಾದರೂ ಅಳುವವರೆಗೆ ಚಿತ್ರ ಮುಗಿದಂತಲ್ಲ ಎಂಬುದು ಆಕೆಯ ನಿಯಮ. ಇದನ್ನು ಹೇಳಿಕೆಚಿತ್ರ ಎನ್ನುತ್ತೇವೆ. ಕಡಲಾಚೆಯಿಂದ ಜನ ಇದನ್ನು ಕಲಿಯಲೆಂದೇ ನಮ್ಮ ನಾಡಿಗೆ ಬರುತ್ತಾರೆ. ಮುಖ ಕಳೆದುಕೊಂಡ ಒಂದು ನಾಡಿಗೆ ಮತ್ತೆ ಮುಖ ಬರೆದುಕೊಟ್ಟವರು ನಾವು. ಹೀಗೆ ಹೇಳಲು ನನಗೆ ಸಂಕೋಚವಿಲ್ಲ.

ನಮ್ಮ ದಿನಗಳು ಹೀಗಿವೆ. ಊರೂರಿಗೆ ಬಣ್ಣದ ಕಟ್ಟೆಯುಂಟು. ಅಲ್ಲಿ ಬೆಳಗ್ಗೆ ಕಲ್ಲು, ಕಾಡಿಗೆ, ಅರಿಶಿನ ಅರೆಯುವ ಸದ್ದು, ಪಕ್ಕದಲ್ಲೇ ಮಂಡಕ್ಕಿ ಒಗ್ಗರಣೆಯ ವಾಸನೆ. ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಮೊದಲಚಿತ್ರ ಹೇಳಿಕೊಡುತ್ತಾರೆ: ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ಮನೆ, ತೆಂಗಿನಮರ. ನಿಮ್ಮ ಮಕ್ಕಳೆಲ್ಲರೂ ಅದನ್ನೇ ಬರೆಯುತ್ತಿದ್ದರೆಂದು ಕೇಳಿದ್ದೇನೆ. ಅದನ್ನು ಯಾರು ಮೊದಲು ಬರೆದರೆಂದು ನಮ್ಮ ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ, ಪಾಪ.

ಈ ಪಂಡಿತರೇ ಬರೆದ ನಾಡಿನ ಚಿತ್ರಚರಿತ್ರೆಯಲ್ಲಿ ಮೊದಲ ಅಧ್ಯಾಯ ನಿಮ್ಮ ಮೇಲೆ. ಬೋರ್ಡುಗಳ ಮೂಲೆಯಲ್ಲಿ ನೀವು ಹಾಕಿದ ರುಜುಗಳನ್ನೆಲ್ಲ ಕೂಡಿಹಾಕಿ ನೋಡಿದಾಗ ಅವರಿಗೊಂದು ವಿಷಯ ಹೊಳೆಯಿತು. ತಿಪ್ಪೇಶಿ ಆರ್ಟ್ಸ್, ನಜೀರ್ ಆರ್ಟ್ಸ್, ಜೋಸೆಫ್ ಆರ್ಟ್ಸ್, ಬೇರೆ ಊರುಗಳಲ್ಲಿ ಇನ್ನೂ ಎಷ್ಟೋ. ಅಂದರೆ ಆರ್ಟ್ಸ್ ಎಂಬುದೊಂದು ಮನೆತನ. ನಾಡಿನ ಚಿತ್ರಗಾರರೆಲ್ಲರೂ ಆ ಒಂದೇ ಮನೆಯ ಮಕ್ಕಳು, ನೀವು ಮೂವರಂತೂ ಒಡಹುಟ್ಟಿದವರು, ತಿಪ್ಪೇಶಿ ಹಿರಿಯಣ್ಣ. ಹಳೆಯ ಕಮಾನೊಂದರ ಮೇಲೆ 'ಆರ್ಟ್ಸ್ ಮತ್ತು ಸೈನ್ಸ್ ಕಾಲೇಜು' ಎಂದು ಸಿಕ್ಕಿತು. ಸೈನ್ಸ್ ಎಂಬುದು ನಿಮ್ಮ ಬೀಗರ ಮನೆತನವೆಂದು ಅವರು ನಿರ್ಧರಿಸಿದರು. ನಗಬೇಡಿ. ಈ ಲೆಕ್ಕದ ಮೇಲೆ ನಮ್ಮಲ್ಲಿ ಮದುವೆಗಳೇ ನಡೆದುಹೋಗಿವೆ.

ಹೀಗಾಗಿ ಕುಂಚ ಹಿಡಿದವರೆಲ್ಲ ಆರ್ಟ್ಸ್ ಎಂದೇ ಹೆಸರು ಹಚ್ಚಿಕೊಂಡರು. ಯಾವ ಜಾತಿ, ಯಾವ ದೇವರು ಎಂದು ಆಮೇಲೆ ಯಾರೂ ಕೇಳಲಿಲ್ಲ. ಒಬ್ಬ ಆರ್ಟ್ಸ್ ಇನ್ನೊಬ್ಬ ಆರ್ಟ್ಸ್ ಮನೆ ಬಾಗಿಲಿಗೆ ಹೋದರೆ ಊಟ, ಚಾಪೆ ಸಿಗಲೇಬೇಕು. ನನ್ನನ್ನೇ ನೋಡಿ. ಹೊಳೆಗೆ ನೆರೆ ಬಂದ ವರ್ಷ ದೋಣಿಕಟ್ಟೆಯಲ್ಲಿ ಅಳುತ್ತ ಕುಳಿತಿದ್ದ ಕೂಸು ನಾನು. ಹೇಳಿಕೆಚಿತ್ರ ಬರೆಸಲು ನನಗೆ ಅವ್ವನ ಮೂಗೂ ಗೊತ್ತಿಲ್ಲ, ಅಪ್ಪನ ಕಣ್ಣೂ ಗೊತ್ತಿಲ್ಲ. ನೂರಣ್ಣ ಆರ್ಟ್ಸ್ ಎಂಬುವರು ಎತ್ತಿಕೊಂಡು ಬಂದು ಕೈಗೆ ಕುಂಚ ಕೊಟ್ಟರು. ಅವತ್ತಿನಿಂದ ನಾನು ಈರಿ ಆರ್ಟ್ಸ್. ಆ ಹೆಸರು ಬಿಟ್ಟರೆ ನನಗೆ ಬೇರೆ ನೆಂಟಸ್ತಿಕೆ ಇಲ್ಲ.

ಇನ್ನು ಹೇಳಲೇಬೇಕಾದದ್ದು. ಚಿತ್ರಶಾಲೆಯ ಹೆಬ್ಬಾಗಿಲಿಗೆ ಹಾಕಲೆಂದು ಹಳೆಯ ಬೋರ್ಡು ಹುಡುಕುತ್ತಿದ್ದಾಗ ನಿಮ್ಮ ಅಂಗಡಿಯ ಷಟರ್ ಸಿಕ್ಕಿತು, ತಿಪ್ಪೇಶಿಯವರೇ. ದಾವಣಗೆರೆಯ ಹಳೆಯ ಮಣ್ಣು ಅಗೆಯುವಾಗ ಸುರುಳಿಯಾಗಿ ಬಿದ್ದಿತ್ತು. ತುಕ್ಕು ಬಿಡಿಸುವ ಕೆಲಸವನ್ನು ನನಗೇ ವಹಿಸಿದರು. ಹತ್ತಿಯಲ್ಲಿ ಎಣ್ಣೆ ಅದ್ದಿ ಉಜ್ಜುತ್ತ ಹೋದಂತೆ ನಿಮ್ಮ ಅಕ್ಷರಗಳು ಮೇಲೆದ್ದವು. ಕೆಂಪು, ಅದಕ್ಕೆ ಹಳದಿ ಅಂಚು, ಬಲಕ್ಕೆ ಕಪ್ಪು ನೆರಳು. ಎಂಥ ಅಕ್ಷರ! 'ತಿಪ್ಪೇಶಿ ಆರ್ಟ್ಸ್. ಇಲ್ಲಿ ಬೋರ್ಡು, ಬ್ಯಾನರ್, ನಂಬರ್ ಪ್ಲೇಟ್ ಬರೆದುಕೊಡಲಾಗುವುದು.' ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಸಾಲು: 'ನಮಗೆ ಬೇರೆ ಶಾಖೆಗಳಿಲ್ಲ.'

ಹತ್ತಿ ಕೆಳಗಿಟ್ಟು ಆ ಸಾಲನ್ನು ಮತ್ತೊಮ್ಮೆ ಓದಿದೆ. ಮನೆತನದ ಹಿರಿಯರೇ ತಮ್ಮ ಕೈಯಾರೆ ಬರೆದಿದ್ದಾರೆ, ತಮಗೆ ತಮ್ಮಂದಿರಿಲ್ಲ, ಕವಲುಗಳಿಲ್ಲ ಎಂದು. ಹಾಗಾದರೆ ನಾವೆಲ್ಲ ಯಾರು? ಹಳೆಯ ಇಂಗ್ಲಿಷು ಬಲ್ಲ ಪಂಡಿತರೊಬ್ಬರು ಬಂದು ನೋಡಿ ಗಾಯಕ್ಕೆ ಉಪ್ಪು ಸವರಿದರು. ಆರ್ಟ್ಸ್ ಎಂದರೆ ಮನೆತನವೇ ಅಲ್ಲವಂತೆ, ಕಲೆ ಎಂಬುದಕ್ಕೆ ಇಂಗ್ಲಿಷಿನಲ್ಲಿದ್ದ ಪದವಂತೆ. ನೀವು ಮೂವರೂ ಬೇರೆ ಬೇರೆ ಮನೆಯಲ್ಲಿ ಹುಟ್ಟಿ, ಒಂದೇ ಪೇಟೆಯಲ್ಲಿ ಪೈಪೋಟಿಗೆ ಕೂತ ಅಂಗಡಿಯವರಂತೆ.

ಸುದ್ದಿ ಹಬ್ಬಿತು. ಚಿತ್ರಶಾಲೆಯ ಅಂಗಳದಲ್ಲಿ ಸಭೆ ಸೇರಿತು. ತಪ್ಪೆಂದು ತಿಳಿದ ಮೇಲೂ ಹೆಬ್ಬಾಗಿಲಿನ ಮೇಲೆ ಆರ್ಟ್ಸ್ ಮನೆ ಎಂದು ಬರೆಯುವುದು ನಾಚಿಕೆಗೇಡು, ಆ ಹೆಸರನ್ನು ಎಲ್ಲರೂ ಕೈಬಿಡಬೇಕೆಂದು ಕೆಲವರು ವಾದಿಸಿದರು. ಅವರವರ ನಿಜವಾದ ಮೂಲ ಹುಡುಕಿಕೊಂಡು ಅವರವರು ಹೋಗಲಿ ಎಂದರು. ಹೋಗಲು ಕೆಲವರು ಆಗಲೇ ತಯಾರಾಗಿದ್ದರು, ಅದೇ ನನ್ನನ್ನು ಹೆಚ್ಚು ನೋಯಿಸಿದ್ದು. ಹಿಂದಿನ ದಿನದವರೆಗೆ ಒಂದೇ ತಟ್ಟೆಯಲ್ಲಿ ಉಂಡವರು ಅಂದು ನಾವು ನಜೀರ್ ಕಡೆಯವರು, ನಾವು ತಿಪ್ಪೇಶಿ ಕಡೆಯವರು ಎಂದು ಬೇರೆ ಬೇರೆ ಕಂಬಕ್ಕೆ ಒರಗಿ ಕುಳಿತರು. ನಾನು ಯಾವ ಕಂಬಕ್ಕೂ ಸೇರದೆ ಷಟರಿನ ಪಕ್ಕದಲ್ಲೇ ಉಳಿದೆ.

ಆಗ ಎದ್ದವಳು ಮೊಗ್ಗವ್ವಜ್ಜಿ. ಹೇಳಿಕೆಚಿತ್ರದಲ್ಲಿ ಇಂದು ಅವಳನ್ನು ಮೀರಿಸುವವರಿಲ್ಲ, ಬಾಯಿಯಲ್ಲೂ ಇಲ್ಲ. ಷಟರಿನ ಮುಂದೆ ಬಂದು ಆ ಸಣ್ಣ ಸಾಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕೈ ಹಿಡಿದೆಬ್ಬಿಸಿ ನಿಲ್ಲಿಸಿ ಹೇಳಿದಳು:

"ಬ್ಯಾರೆ ಶಾಖೆ ಇಲ್ಲ ಅಂತ ಹಿರಿಯ ಬರ್ದಾನ. ಸರಿಯಾಗೇ ಬರ್ದಾನ. ಇರೋರೆಲ್ಲ ಒಂದೇ ಅಂದಮ್ಯಾಲೆ ಬ್ಯಾರೆ ಶಾಖೆ ಎಲ್ಲಿಂದ ಬರ್ತೈತಿ?"

ನೀವು ಆ ಅರ್ಥದಲ್ಲಿ ಬರೆದಿರಲಿಲ್ಲವೆಂದು ನನಗೆ ಗೊತ್ತು, ಅಜ್ಜಿಗೂ ಗೊತ್ತಿತ್ತು. ಗಿರಾಕಿಗಳು ದಾರಿ ತಪ್ಪಿ ನಜೀರ್ ಅವರ ಅಂಗಡಿಗೆ ಹೋಗಬಾರದೆಂಬ ಹೊಟ್ಟೆಯುರಿಗೇ ಬರೆದಿರಬೇಕು. ಆದರೆ ಅಂಗಳದಲ್ಲಿ ಮೊದಲು ಒಬ್ಬರು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕಂಬ ಬಿಟ್ಟು ಎದ್ದರು. ಹೆಸರು ಉಳಿಯಿತು. ಚಿತ್ರಚರಿತ್ರೆಯ ಮೊದಲ ಅಧ್ಯಾಯವನ್ನು ತಿದ್ದಿದ್ದೇವೆ: ನೀವು ಅಣ್ಣತಮ್ಮಂದಿರಲ್ಲ, ಪೈಪೋಟಿಯ ಅಂಗಡಿಯವರು ಎಂದೇ ಈಗ ಅಲ್ಲಿದೆ. ಎರಡನೆಯ ಅಧ್ಯಾಯದಿಂದ ಮುಂದಿನದು ನಿಜವಾದ ಮನೆತನದ ಕಥೆ, ಅದನ್ನು ತಿದ್ದುವ ಅಗತ್ಯ ಬೀಳಲಿಲ್ಲ. ಷಟರ್ ಹೆಬ್ಬಾಗಿಲಿಗೆ ಕೂತಿದೆ, ಆ ಸಾಲೂ ಇದೆ. ದಿನಾ ಅದರಡಿ ಹಾದುಹೋಗುವಾಗ ನನ್ನ ಎದೆ ಉಬ್ಬುತ್ತದೆ.

ನಾಳೆ ಈ ಗೋಡೆಯ ಮೇಲೆ ನಿಮ್ಮ ಮೂವರ ಮುಖ ಬರೆಯುತ್ತೇನೆ. ನಿಮ್ಮನ್ನು ಕಂಡವರು ಯಾರೂ ಉಳಿದಿಲ್ಲ, ಹೇಳಿಕೊಡುವವರಿಲ್ಲ. ಆದ್ದರಿಂದ ಅಕ್ಷರ ನೋಡಿ ಬರೆಯಬೇಕು. ನಜೀರ್ ಅವರ ಲಕಾರದ ಬಾಲ ಉದ್ದ, ಅವರಿಗೆ ಮೀಸೆಯಿತ್ತೆಂದು ನನಗನಿಸುತ್ತದೆ. ಜೋಸೆಫ್ ಅವರ ಸಾಲು ಒಂದಿಷ್ಟೂ ಡೊಂಕಿಲ್ಲ, ಕಟ್ಟುನಿಟ್ಟಿನ ಮನುಷ್ಯ ಇರಬೇಕು. ತಿಪ್ಪೇಶಿಯವರೇ, ನಿಮ್ಮ ಸೊನ್ನೆಗಳು ಗುಂಡಗೆ ತುಂಬಿಕೊಂಡಿವೆ, ನಿಮಗೆ ಹೊಟ್ಟೆ ಬರೆಯುತ್ತೇನೆ, ಸಿಟ್ಟಾಗಬೇಡಿ.

ಒಂದೇ ಒಂದು ಕೋರಿಕೆ. ನಿಮ್ಮ ಬೀದಿಗೆ ಈಗಾಗಲೇ ಫ್ಲೆಕ್ಸಿನ ಯಂತ್ರ ಬಂದಿರಬಹುದು, ಷಟರ್ ಎಳೆದು ಬೇರೆ ಕೆಲಸ ನೋಡಿಕೊಳ್ಳೋಣ ಅನಿಸುತ್ತಿರಬಹುದು. ಎಳೆಯುವ ಮುನ್ನ ಕೊನೆಯದಾಗಿ ಬರೆಯುವ ಬೋರ್ಡಿನಲ್ಲೂ ಮೂಲೆಯ ರುಜು ಬಿಡಬೇಡಿ. ಬೋರ್ಡು ಕೆಡುತ್ತದೆಂದು ಅಂಗಡಿಯ ಯಜಮಾನ ಗೊಣಗಿದರೆ ಸಣ್ಣದಾಗಿಯೇ ಬರೆಯಿರಿ. ದೋಣಿಕಟ್ಟೆಯಲ್ಲಿ ಒಂದು ಕೂಸು ಅಳುತ್ತ ಕುಳಿತಿರುತ್ತದೆ, ಅದಕ್ಕೊಂದು ಹೆಸರು ಬೇಕಾಗುತ್ತದೆ.

ಸುಣ್ಣ ನೆನೆದಿದೆ. ಏಣಿಯ ಕೊನೆಯ ಮೆಟ್ಟಿಲಿಗೆ ಇಳಿದಿದ್ದೇನೆ, ಗೋಡೆಯ ಮೂಲೆ ಬಂತು.

ಈರಿ ಆರ್ಟ್ಸ್, ಹರಿಹರ.
ನಮಗೆ ಬೇರೆ ಶಾಖೆಗಳಿಲ್ಲ.